ಸ್ಕೋಡಾ ಆಕ್ಟೇವಿಯಾ: ಸೆಕೆಂಡ್ ಹ್ಯಾಂಡ್ ಕೊಳ್ಳುವಲ್ಲಿ ಎಂಜಿನ್ ಆಯ್ಕೆ

ಆಕ್ಟೇವಿಯಾ ಜೆಕ್ ದೇಶದ ಸ್ಕೋಡಾ ಸಂಸ್ಥೆ 2001ರಿಂದ ಭಾರತದಲ್ಲಿ ಮಾರಿದ ಸೆಡಾನ್ ಕಾರು. ಹೊಸದಿದ್ದಾಗ ದುಬಾರಿ, ಕೈ ಬದಲಾದಂತೆ ಬೆಲೆ ಬೇಗ ಇಳಿಯುತ್ತದೆ. ವೇಗ ಬಯಸುವ ಸಂಬಳದಾರರು ಇದನ್ನು ಹುಡುಕುವುದು ಅದಕ್ಕೇ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಕಡೆ ಓಡಾಡುವವರು ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಬೇರ್ಪಡಿಸಿ ನೋಡಬಾರದು. ಅವರ ಹಾದಿ ಎರಡು ಬಗೆಯದು: ಸಿಲ್ಕ್ ಬೋರ್ಡ್ ಬಳಿ ತೆವಳುವ ಸಾಲು, ಆಮೇಲೆ 2010ರಲ್ಲಿ ತೆರೆದ, ಸುಮಾರು 10 ಕಿ.ಮೀ. ಉದ್ದದ ಮೇಲ್ಸೇತುವೆ.

ಆರಂಭದ ಮಾದರಿಗಳು

2004ರ ಆರ್‌ಎಸ್ (ವಿಆರ್‌ಎಸ್) ಎಂಬ ವೇಗದ ಮಾದರಿಯಲ್ಲಿ 150 ಅಶ್ವಶಕ್ತಿಯ 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಇತ್ತು. ಎರಡನೆಯ ತಲೆಮಾರು ಇಲ್ಲಿ ಲಾರಾ ಎಂಬ ಹೆಸರಿನಲ್ಲಿ ಬಂತು. ಅದರ 2011ರ ವಿಆರ್‌ಎಸ್‌ಗೆ 160 ಅಶ್ವಶಕ್ತಿ, ಆರು ಗೇರಿನ ಮ್ಯಾನುಯಲ್. ಇವು ಈಗ ಸಂಗ್ರಾಹಕರ ಕಾರುಗಳು.

ಮೂರನೆಯ ತಲೆಮಾರು: 2013ರ ನಂತರ

ನಿಜವಾದ ಆಯ್ಕೆಯ ಕಷ್ಟ ಇಲ್ಲಿದೆ. 1.8 ಟಿಎಸ್‌ಐ ಪೆಟ್ರೋಲ್ 180 ಅಶ್ವಶಕ್ತಿ ಕೊಡುತ್ತದೆ, ಟಾರ್ಕ್ ಮಾತ್ರ 250 ನ್ಯೂಟನ್ ಮೀಟರ್. 2.0 ಟಿಡಿಐ ಡೀಸೆಲ್‌ಗೆ 143 ಅಶ್ವಶಕ್ತಿ, 320 ನ್ಯೂಟನ್ ಮೀಟರ್. ಪೆಟ್ರೋಲ್ ಎಂಜಿನ್ನು ದುರ್ಬಲವೇನಲ್ಲ. ಯುರೋಪಿನಲ್ಲಿ ನಾಲ್ಕು ಚಕ್ರ ಚಾಲನೆಯ ಆವೃತ್ತಿಯಲ್ಲಿ ಅದೇ ಎಂಜಿನ್ 280 ನ್ಯೂಟನ್ ಮೀಟರ್ ಕೊಟ್ಟಿತು. ಇಲ್ಲಿ ಅದರ ಕೈ ಕಟ್ಟಿದ್ದು ಡಿಕ್ಯೂ200 ಎಂಬ ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸು. ಅದರ ತಾಳಿಕೆಯ ಮಿತಿಯೇ 250.

ಡಿಕ್ಯೂ200ರಲ್ಲಿ ಎರಡು ಒಣ ಕ್ಲಚ್‌ಗಳಿವೆ: ಒಂದು ಬೆಸ ಗೇರುಗಳಿಗೆ, ಇನ್ನೊಂದು ಸರಿ ಗೇರುಗಳಿಗೆ. ಸಾಲಿನಲ್ಲಿ ತೆವಳುವಾಗ ಕ್ಲಚ್ ಅರೆಬರೆ ಹಿಡಿದು ಜಾರುತ್ತ ಕಾಯುತ್ತದೆ, ಆ ಕಾವನ್ನು ಒಯ್ಯಲು ಸುತ್ತ ಎಣ್ಣೆ ಇಲ್ಲ. ಮೊದಲ, ಎರಡನೆಯ ಗೇರಿನಲ್ಲಿ ನಡುಗುವುದು ಕ್ಲಚ್ ಸವೆಯುತ್ತಿರುವುದರ ಮುನ್ಸೂಚನೆ. ಗೇರು ಬದಲಿಸುವ ಮೆಕಾಟ್ರಾನಿಕ್ ಘಟಕದಲ್ಲಿ ಒತ್ತಡ ಕಾಯ್ದಿಡುವ ಭಾಗ ಬಿರುಕು ಬಿಟ್ಟರೆ ಕಾರು ರಸ್ತೆಯಲ್ಲೇ ನಿಲ್ಲುತ್ತದೆ. 2013ರ ನವೆಂಬರಿನಲ್ಲಿ ಸ್ಕೋಡಾದ ಒಡೆತನವಿರುವ ಫೋಕ್ಸ್‌ವ್ಯಾಗನ್ ಸಮೂಹ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳ ಗೇರ್‌ಬಾಕ್ಸಿನ ಸಿಂಥೆಟಿಕ್ ಎಣ್ಣೆ ತೆಗೆದು ಖನಿಜ ಎಣ್ಣೆ ಹಾಕಿಕೊಡಬೇಕಾಯಿತು.

ಟಿಡಿಐ ಆಟೋಮ್ಯಾಟಿಕ್‌ನ ಆರು ಗೇರಿನ ಡಿಕ್ಯೂ250ರ ಕ್ಲಚ್‌ಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಪ್ರತಿ 60,000 ಕಿ.ಮೀ.ಗೆ ಎಣ್ಣೆ, ಫಿಲ್ಟರ್ ಬದಲಿಸಿದ ಬಿಲ್ಲು ಕೇಳಿ ನೋಡಬೇಕು. ಟೈಮಿಂಗ್ ಬೆಲ್ಟ್ ಬದಲಾಯಿಸಿದ ದಾಖಲೆಯೂ ಇರಲಿ.

2017ರ ವಿಆರ್‌ಎಸ್‌ನದು 2.0 ಟಿಎಸ್‌ಐ: 230 ಅಶ್ವಶಕ್ತಿ, 350 ನ್ಯೂಟನ್ ಮೀಟರ್, ಅದೇ ಎಣ್ಣೆ ಕ್ಲಚ್ಚಿನ ಗೇರ್‌ಬಾಕ್ಸು. 2020ರ ವಿಆರ್‌ಎಸ್ 245 ಭಾರತಕ್ಕೆ ಬಂದದ್ದು 200 ಮಾತ್ರ.

ದಾಖಲೆಗಳು

ಹೊಗೆ ತಪಾಸಣೆಯ ವಿವಾದಕ್ಕೆ ಸಿಕ್ಕ, ಫೋಕ್ಸ್‌ವ್ಯಾಗನ್ ಸಮೂಹದ ಇಎ 189 ಕುಟುಂಬದ ಡೀಸೆಲ್ ಎಂಜಿನ್‌ಗಳಿಗಾಗಿ 2015ರ ಡಿಸೆಂಬರಿನಲ್ಲಿ ಭಾರತದಲ್ಲಿ 3,23,700 ಕಾರುಗಳನ್ನು ಹಿಂಪಡೆಯುವ ಘೋಷಣೆಯಾಯಿತು. ಆ ಕೆಲಸ ಮುಗಿದಿದೆಯೇ ಎಂದು ಚಾಸಿಸ್ ಸಂಖ್ಯೆಯಿಂದ ವಿಚಾರಿಸಿ. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಕಾರಿಗೆ ನಿರ್ಬಂಧ ಹೇರಲಾಗಿದ್ದರಿಂದ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು ಬರುವ ಕಾರುಗಳ ಬೆಲೆ ಕಡಿಮೆ ಕಾಣಬಹುದು. ಕರ್ನಾಟಕದ ಜೀವಿತಾವಧಿ ತೆರಿಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ದಿನವೂ ಸಿಲ್ಕ್ ಬೋರ್ಡ್ ದಾಟುವವರಿಗೆ ಪೂರ್ಣ ಸರ್ವಿಸ್ ದಾಖಲೆಯ 2.0 ಟಿಡಿಐ ಆಟೋಮ್ಯಾಟಿಕ್ ಸರಿಯಾದ ಆಯ್ಕೆ. ಹಣ ಒದಗಿದರೆ 2017ರ ವಿಆರ್‌ಎಸ್ ಅದಕ್ಕಿಂತ ಮೇಲು. ಹೊಸ ಮೆಕಾಟ್ರಾನಿಕ್, ಕ್ಲಚ್ ಹಾಕಿದ ಬಿಲ್ಲು ಕೈಗೆ ಸಿಗದ ಹೊರತು 1.8 ಟಿಎಸ್‌ಐ ಕೊಳ್ಳಬಾರದು.