ಕೃಷ್ಣಮೃಗದ ಬೆದೆಗಾಲ

ಕೃಷ್ಣಮೃಗದ ಬೆದೆಗಾಲವೆಂದರೆ ಗಂಡು ಕೃಷ್ಣಮೃಗಗಳು ಹೆಣ್ಣಿಗಾಗಿ ನೆಲವನ್ನು ಹಿಡಿದು, ಗಡಿಯನ್ನು ಕಾದು, ಪರಸ್ಪರ ಕಾದಾಡುವ ಸಂಗಮಕಾಲ. ಕೊಪ್ಪಳ, ಯಲಬುರ್ಗಾ, ಕುಕನೂರು ಭಾಗಗಳ ಎರೆ ಹೊಲಗಳಲ್ಲಿ ಈ ಪ್ರಾಣಿ ಹಿಂಡುಹಿಂಡಾಗಿ ಕಾಣಸಿಗುತ್ತದೆ. ಜನರ ಬಾಯಲ್ಲಿ ಇದು ಚಿಗರಿ ಅಥವಾ ಜಿಂಕೆ. ವಾಸ್ತವವಾಗಿ ಇದು ಜಿಂಕೆಯ ಕುಲಕ್ಕೆ ಸೇರಿದುದಲ್ಲ. ಜಿಂಕೆಯ ಕವಲುಗೊಂಬು ಉದುರಿ ಮತ್ತೆ ಮೂಡುತ್ತದೆ. ಕೃಷ್ಣಮೃಗದ ತಿರುಚುಗೊಂಬು ಜೀವನಪರ್ಯಂತ ಉಳಿಯುತ್ತದೆ.

ಕಾಲ

ವರ್ಷದ ಯಾವ ತಿಂಗಳಲ್ಲಾದರೂ ಇವು ಕೂಡಬಲ್ಲವು. ಆದರೆ ಮಾರ್ಚ್‌ನಿಂದ ಮೇ ಹಾಗೂ ಆಗಸ್ಟ್‌ನಿಂದ ಅಕ್ಟೋಬರ್ ಅವಧಿಗಳಲ್ಲಿ ಬೆದೆ ತೀವ್ರವಾಗಿರುತ್ತದೆ. ಗರ್ಭಾವಧಿ ಸುಮಾರು 6 ತಿಂಗಳು. ಸಾಮಾನ್ಯವಾಗಿ ಒಂದೇ ಮರಿ.

ಗಂಡಿನ ನಡವಳಿಕೆ

ಎಳೆಯ ಗಂಡು ಹೆಣ್ಣಿನಂತೆಯೇ ಕಂದುಬಣ್ಣದ್ದು. ಎರಡು ಮೂರು ವರ್ಷ ತುಂಬಿದ ಮೇಲೆ ಬೆನ್ನು, ಪಕ್ಕೆಗಳು ಕಪ್ಪಾಗತೊಡಗುತ್ತವೆ. ನೆಲ ಹಿಡಿಯಲಾರದ ಗಂಡುಗಳು ತಮ್ಮದೇ ಗುಂಪು ಕಟ್ಟಿಕೊಂಡು ಅಲೆಯುತ್ತವೆ. ನೆಲ ಹಿಡಿದ ಗಂಡು ಒಂಟಿ. ಕಣ್ಣಿನ ಕೆಳಗಿರುವ ಗ್ರಂಥಿಯ ದ್ರವವನ್ನು ಹುಲ್ಲುಕಡ್ಡಿಗೂ ಗಿಡದ ತುದಿಗೂ ಒರಸಿ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ತನ್ನ ಗಡಿಯನ್ನು ಸಾರುತ್ತದೆ. ಹೊಲದ ನಡುವೆ ಬಯಲಾದ ಕಡೆ ಕಾಣುವ ಹಳೆಯ ಹೊಸ ಹಿಕ್ಕೆಗಳ ರಾಶಿ ಇದರ ಕುರುಹು.

ಹೆಣ್ಣುಗಳು ಸಮೀಪಿಸಿದಾಗ ಗಂಡು ಮೂಗನ್ನು ಮೇಲೆತ್ತಿ, ಕೊಂಬುಗಳನ್ನು ಬೆನ್ನಿಗೆ ತಾಗುವಂತೆ ಹಿಂದಕ್ಕೆ ಬಾಗಿಸಿ, ಗೊರಗುಡುತ್ತ ಬಿಗಿಹೆಜ್ಜೆಯಲ್ಲಿ ನಡೆಯುತ್ತದೆ. ಎದುರಾಳಿ ಬಂದರೆ ಮೊದಲು ಬೆದರಿಸುವುದು, ಅಟ್ಟುವುದು. ಬಹುತೇಕ ಜಗಳಗಳು ಅಲ್ಲಿಗೇ ಮುಗಿಯುತ್ತವೆ. ಎರಡೂ ಬಿಡದಿದ್ದರೆ ತಲೆ ತಗ್ಗಿಸಿ ಕೊಂಬಿಗೆ ಕೊಂಬು ಹೆಣೆದು ದೂಡಾಡುತ್ತವೆ. ಹೆಣ್ಣುಗಳನ್ನು ಯಾವ ಗಂಡೂ ಬಲವಂತದಿಂದ ಬಹುಕಾಲ ತಡೆದಿಡಲಾರದು. ಅವು ಮೇವನ್ನರಸಿ ಒಬ್ಬನ ನೆಲದಿಂದ ಇನ್ನೊಬ್ಬನ ನೆಲಕ್ಕೆ ದಾಟುತ್ತಿರುತ್ತವೆ. ಗುಜರಾತಿನ ವೇಳಾವದರ ಹುಲ್ಲುಗಾವಲಿನಲ್ಲಿ ಹತ್ತಾರು ಗಂಡುಗಳು ಒತ್ತೊತ್ತಾಗಿ ಪುಟ್ಟ ಪುಟ್ಟ ನೆಲಗಳನ್ನು ಹಿಡಿದು ನಿಲ್ಲುತ್ತವೆ; ಹೆಣ್ಣುಗಳೇ ಅಲ್ಲಿಗೆ ಬಂದು ಆರಿಸಿಕೊಳ್ಳುತ್ತವೆ. ಇಂಥ ಕೂಟಕ್ಕೆ ಪ್ರಾಣಿಶಾಸ್ತ್ರಜ್ಞರು ‘ಲೆಕ್’ ಎನ್ನುತ್ತಾರೆ.

ಬೇಟೆ ಮತ್ತು ಕಾನೂನು

ಸಾಮಾನ್ಯ ದಿನಗಳಲ್ಲಿ ಕೃಷ್ಣಮೃಗಕ್ಕೆ ಕಣ್ಣೇ ಕಾವಲು. ಅಪಾಯ ಕಂಡೊಡನೆ ನೆಗೆದು ಓಡುತ್ತದೆ. ಬೆದೆಗಾಲದಲ್ಲಿ ಈ ಎಚ್ಚರ ಸಡಿಲುತ್ತದೆ. ಅಟ್ಟಿದರೂ ಗಂಡು ಸುತ್ತು ಹಾಕಿ ತನ್ನ ನೆಲಕ್ಕೇ ಮರಳುತ್ತದೆ. ಬೇಟೆಗಾರನಿಗೆ ಅನುಕೂಲವಾದುದು ಇದೇ: ಹುಡುಕಬೇಕಿಲ್ಲ, ಕಾದರೆ ಸಾಕು. ಹೀಗೆ ಬೀಳುತ್ತಿದ್ದುದು ಹಿಂಡಿನ ಅತ್ಯಂತ ಬಲಿಷ್ಠ ಗಂಡು ಎಂಬುದನ್ನು ಬೇಟೆಯ ವರ್ಣನೆಗಳು ಹೆಮ್ಮೆಯಿಂದ ಹೇಳುತ್ತವೆಯೇ ಹೊರತು ನಷ್ಟವೆಂದು ಎಣಿಸುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಕೊಂದವರಿಗೆ 3ರಿಂದ 7 ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ. ಬೆಳೆ ತಿಂದಿತೆಂಬ ಕಾರಣಕ್ಕೆ ಈ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಅನುಮತಿ ದೊರೆಯುವುದಿಲ್ಲ.

ಹೊಲ ಮತ್ತು ಹಿಂಡು

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಗಂಗಾವತಿ ತಾಲ್ಲೂಕಿನ ಮರಳಿಯಂಥ ಊರುಗಳ ಕೆಸರುಗದ್ದೆ ಈ ಪ್ರಾಣಿಗೆ ಒಗ್ಗುವಂಥದಲ್ಲ. ಅದಕ್ಕೆ ಬೇಕಾದುದು ದೂರದವರೆಗೆ ಕಣ್ಣು ಹಾಯುವ ಒಣ ಬಯಲು. ಅಂಥ ಬಯಲು ಮಳೆಯಾಶ್ರಿತ ತಾಲ್ಲೂಕುಗಳಲ್ಲಿದೆ. ಆದರೆ ಅಲ್ಲಿನ ಹುಲ್ಲುಗಾವಲೆಲ್ಲ ಬಹುಮಟ್ಟಿಗೆ ಉಳುಮೆಗೆ ಬಂದಿದೆ. ಆದುದರಿಂದ ಗಂಡು ಹಿಡಿಯುವ ನೆಲವೂ ರೈತನ ನೆಲವೂ ಒಂದೇ ಆಗಿದೆ. ಆಗಸ್ಟ್–ಅಕ್ಟೋಬರ್‌ನ ಬೆದೆ ಮುಂಗಾರು ಬೆಳೆಯ ಕೊನೆಗೂ ಹಿಂಗಾರಿನ ಕಡಲೆ, ಬಿಳಿಜೋಳ ಮೊಳೆಯುವ ಹೊತ್ತಿಗೂ ತಾಗುತ್ತದೆ. ಮೇಯುವುದಕ್ಕಿಂತ ತುಳಿತದಿಂದಾಗುವ ಹಾನಿಯೂ ಸಣ್ಣದಲ್ಲ. ಬದುವಿಗೆ ಹಳೆಯ ಸೀರೆ ಕಟ್ಟುವುದು, ರಾತ್ರಿ ಹೊಲದಲ್ಲೇ ಮಲಗುವುದು ರೈತರ ಪಾಡಾಗಿದೆ. ಎರಡೆಕರೆ ಕಡಲೆಯನ್ನೇ ನಂಬಿದವನಿಗೆ ಪ್ರಾಣಿದಯೆಯ ಉಪದೇಶ ಮಾಡುವುದು ಸುಲಭ. ಪರಿಹಾರದ ಹಣ ವೇಳೆಗೆ ತಲುಪಿಸುವುದು ಹೆಚ್ಚು ಉಪಯುಕ್ತ.

ಹಿಂಡನ್ನು ಓಡಿಸುವಾಗ ನೆನಪಿಡಬೇಕಾದ ಸಂಗತಿಯೊಂದಿದೆ. ನವಜಾತ ಮರಿಯನ್ನು ತಾಯಿ ಹುಲ್ಲು ಅಥವಾ ಬೆಳೆಯ ಮರೆಯಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಒಂಟಿಯಾಗಿ ಮಲಗಿದ ಮರಿ ತಬ್ಬಲಿಯೆಂದು ಕರುಣೆಯಿಂದ ಮನೆಗೆ ಒಯ್ಯುವವರಿದ್ದಾರೆ. ಅದನ್ನು ಮುಟ್ಟದೆ, ನಾಯಿಗಳನ್ನು ದೂರವಿಟ್ಟು ಬಿಟ್ಟುಬಂದರೆ ತಾಯಿ ಹಿಂದಿರುಗುತ್ತದೆ. ಮರಿ ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ರಕ್ಷಿತ ನೆಲೆಗಳು

ರಾಜ್ಯದಲ್ಲಿ ಈ ಪ್ರಾಣಿಗೆ ಮೀಸಲಾದ ಪ್ರಸಿದ್ಧ ಧಾಮ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನದು. ವಿಸ್ತೀರ್ಣ 119 ಚದರ ಕಿಲೋಮೀಟರ್. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿ ಧಾಮವಿದೆ. ಬಯಲುಸೀಮೆಯಲ್ಲಿ ಕೃಷ್ಣಮೃಗವನ್ನು ಸಹಜವಾಗಿ ಬೇಟೆಯಾಡುವ ಪ್ರಾಣಿ ತೋಳವೇ.