ಬೊಲೋನ್ಯಾದ ಸಾಂಪ್ರದಾಯಿಕ ಆಹಾರ ಮತ್ತು ಭೋಜನಶಾಲೆಗಳು

ಬೊಲೋನ್ಯಾ ಉತ್ತರ ಇಟಲಿಯ ಎಮಿಲಿಯಾ-ರೊಮಾನ್ಯಾ ಪ್ರಾಂತ್ಯದ ರಾಜಧಾನಿ. ಇಟಾಲಿಯನ್ನರು ಈ ನಗರವನ್ನು ಮೂರು ಅಡ್ಡಹೆಸರುಗಳಿಂದ ಕರೆಯುತ್ತಾರೆ. 1088ರಲ್ಲಿ ಸ್ಥಾಪನೆಯಾಯಿತೆಂದು ಹೇಳಲಾಗುವ ವಿಶ್ವವಿದ್ಯಾಲಯದಿಂದಾಗಿ ‘ಲಾ ದೊತ್ತಾ’ (ವಿದ್ಯಾವಂತೆ), ಕೆಂಪು ಇಟ್ಟಿಗೆಯ ಕಟ್ಟಡಗಳಿಂದಾಗಿ ‘ಲಾ ರೊಸ್ಸಾ’ (ಕೆಂಪಗಿನವಳು), ಪುಷ್ಕಳವಾದ ಊಟದಿಂದಾಗಿ ‘ಲಾ ಗ್ರಾಸ್ಸಾ’ (ಕೊಬ್ಬಿದವಳು). ಮೂರನೆಯ ಹೆಸರಿಗೆ ಕಾರಣವಾದ ಅಡುಗೆ ಹಾಗೂ ಅದು ಇಂದಿಗೂ ದೊರೆಯುವ ಸ್ಥಳಗಳು ಈ ಲೇಖನದ ವಿಷಯ.

ಕಣಕ ಮತ್ತು ಹೂರಣ

ದಕ್ಷಿಣ ಇಟಲಿಯ ಒಣ ಪಾಸ್ತಾ ಗಟ್ಟಿ ಗೋಧಿಯ ರವೆ ಮತ್ತು ನೀರಿನಿಂದ ಆಗುತ್ತದೆ. ಬೊಲೋನ್ಯಾದ ಪಾಸ್ತಾಕ್ಕೆ ಬಳಸುವುದು ಮೃದು ಗೋಧಿಯ ಹಿಟ್ಟು ಮತ್ತು ಕೋಳಿಮೊಟ್ಟೆ. ರೂಢಿಯ ಅಳತೆ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ಈ ಕಣಕವನ್ನು ಉದ್ದನೆಯ ಮರದ ಲಟ್ಟಣಿಗೆಯಿಂದ ತೆಳುವಾಗಿ ಲಟ್ಟಿಸಿದ ಹಾಳೆಗೆ ‘ಸ್ಫೋಲ್ಯಾ’ ಎಂದೂ, ಲಟ್ಟಿಸುವುದನ್ನೇ ವೃತ್ತಿಯಾಗಿಸಿಕೊಂಡ ಮಹಿಳೆಯರಿಗೆ ‘ಸ್ಫೋಲ್ಯೀನೆ’ ಎಂದೂ ಹೆಸರು. ಮರದ ಹಲಗೆಯ ಮೇಲೆ ಲಟ್ಟಿಸಿದ ಹಾಳೆಯ ಮೈ ತುಸು ಒರಟಾಗಿದ್ದು, ಮಾಂಸದ ಗೊಜ್ಜು ಅದಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತದೆ.

ಹಾಳೆಯನ್ನು ಪಟ್ಟಿಗಳಾಗಿ ಕತ್ತರಿಸಿದರೆ ತಾಲ್ಯಾತೆಲ್ಲೆ. ಬೆಂದ ತಾಲ್ಯಾತೆಲ್ಲೆಯ ಅಗಲ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ನಿರ್ಧರಿಸಿ, ಚಿನ್ನದ ಮಾದರಿಯೊಂದನ್ನು ನಗರದ ವಾಣಿಜ್ಯ ಮಂಡಳಿಯಲ್ಲಿ ಇಡಲಾಯಿತು. ಈ ಅಗಲವು ನಗರದ ಆಸಿನೆಲ್ಲಿ ಗೋಪುರದ ಎತ್ತರದ 12,270ನೆಯ ಒಂದು ಭಾಗ ಎಂಬ ವಿವರಣೆಯೂ ಅದರೊಡನೆ ದಾಖಲಾಗಿದೆ. ಇದರಲ್ಲಿ ವಿನೋದದ ಅಂಶ ಇಲ್ಲದಿಲ್ಲ.

ತಾಲ್ಯಾತೆಲ್ಲೆಯ ಜೊತೆಗಾರ ‘ರಾಗೂ’. ದಪ್ಪಗೆ ಕೊಚ್ಚಿದ ದನದ ಮಾಂಸ, ಹಂದಿಯ ಹೊಟ್ಟೆಭಾಗದ ಮಾಂಸ, ಈರುಳ್ಳಿ, ಗಜ್ಜರಿ, ಸೆಲರಿ, ವೈನ್ ಮತ್ತು ಟೊಮೇಟೊ ಸೇರಿಸಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ ಗೊಜ್ಜು ಇದು. ಇಟಾಲಿಯನ್ ಪಾಕಶಾಸ್ತ್ರ ಅಕಾಡೆಮಿ ಇದರ ಪಾಕವನ್ನು 1982ರಲ್ಲಿ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿ, 2023ರಲ್ಲಿ ಪರಿಷ್ಕರಿಸಿತು. ಜಗತ್ತಿನೆಲ್ಲೆಡೆ ಮಾರಾಟವಾಗುವ ‘ಸ್ಪಗೆಟ್ಟಿ ಬೊಲೊನೀಸ್’ ಇಲ್ಲಿನ ಸಂಪ್ರದಾಯಕ್ಕೆ ಸೇರಿದ್ದಲ್ಲ. ಅದು ಕೆಲವು ಊಟದ ಪಟ್ಟಿಗಳಲ್ಲಿ ಕಾಣಿಸಿದರೂ, ಅಂಥ ಪಟ್ಟಿ ಸ್ಥಳೀಯರನ್ನು ಉದ್ದೇಶಿಸಿದ್ದಲ್ಲ ಎಂದೇ ತಿಳಿಯಬಹುದು. ಪಾಲಕ್ ಬೆರೆಸಿದ ಹಸಿರು ಹಾಳೆಗಳ ನಡುವೆ ಇದೇ ರಾಗೂ ಹಾಗೂ ಹಾಲು-ಬೆಣ್ಣೆ-ಹಿಟ್ಟಿನ ಬೆಶಮೆಲ್ ಹರಡಿ ಸುಟ್ಟರೆ ಲಸಾನ್ಯೆ ಆಗುತ್ತದೆ.

ತೊರ್ತೆಲ್ಲೀನಿ ಬೆರಳ ತುದಿಯಷ್ಟು ಚಿಕ್ಕ ಕಡುಬು. 1974ರಲ್ಲಿ ನೋಂದಾಯಿಸಲಾದ ಹೂರಣದಲ್ಲಿ ಹಂದಿಯ ಮಾಂಸ, ಪ್ರೊಶುತ್ತೊ, ಮೊರ್ತಾದೆಲ್ಲಾ, ಪಾರ್ಮಿಜಾನೊ ಚೀಸ್, ಮೊಟ್ಟೆ ಮತ್ತು ಜಾಯಿಕಾಯಿ ಇವೆ. ಇದನ್ನು ತಿಳಿಯಾದ ಮಾಂಸದ ಸಾರಿನಲ್ಲಿ ಬಡಿಸುವುದು ಕ್ರಮ. ಇದರ ಆಕಾರವು ವೀನಸ್ ದೇವತೆಯ ಹೊಕ್ಕುಳನ್ನು ಕಂಡ ಛತ್ರದವನೊಬ್ಬನ ಕಲ್ಪನೆ ಎಂಬ ಐತಿಹ್ಯವಿದೆ. ಅದರ ತವರು ಬೊಲೋನ್ಯಾವೋ ಮೊದೆನಾವೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ಇತರ ತಿನಿಸುಗಳಲ್ಲಿ ಮುಖ್ಯವಾದದ್ದು ಮೊರ್ತಾದೆಲ್ಲಾ. ನುಣ್ಣಗೆ ಅರೆದ ಹಂದಿಮಾಂಸದ ನಡುವೆ ಬಿಳಿ ಕೊಬ್ಬಿನ ತುಣುಕುಗಳಿರುವ ಈ ಬೇಯಿಸಿದ ಸಾಸೇಜಿನ ತಯಾರಿಕೆಯನ್ನು 1661ರ ಶಾಸನವೊಂದು ನಿಯಂತ್ರಿಸಿತು. ಪ್ರೊಶುತ್ತೊ ಮತ್ತು ಚೀಸ್ ಹೊದಿಸಿದ ಕರುವಿನ ಮಾಂಸದ ಕೊತೊಲೆತ್ತಾ, ಕರಿದ ಕ್ರೆಶೆಂತೀನೆ ಹಾಗೂ ಅಕ್ಕಿ, ಹಾಲು, ಬಾದಾಮಿಗಳ ಸಿಹಿಯಾದ ತೊರ್ತಾ ದಿ ರೀಸೊ ಸಹ ಪ್ರಸಿದ್ಧ.

ಭೋಜನ ಸ್ಥಳಗಳು

ಪಿಯಾತ್ಸಾ ಮಜ್ಜೋರೆಯ ಪೂರ್ವಕ್ಕಿರುವ ‘ಕ್ವಾದ್ರಿಲಾತೆರೊ’ ಮಧ್ಯಯುಗದಿಂದ ಬಂದ ಮಾರುಕಟ್ಟೆ ಪ್ರದೇಶ. ಪೆಸ್ಕೆರಿಯೆ ವೆಕ್ಕಿಯೆ, ದ್ರಾಪ್ಪೆರಿಯೆ ಮೊದಲಾದ ಬೀದಿಗಳ ಹೆಸರುಗಳು ಹಿಂದಿನ ಮೀನಿನ ಅಂಗಡಿಗಳನ್ನೂ ಜವಳಿ ವ್ಯಾಪಾರಿಗಳನ್ನೂ ನೆನಪಿಸುತ್ತವೆ. ತಾಂಬುರೀನಿ ಮಾಂಸದಂಗಡಿ ಮತ್ತು 19ನೆಯ ಶತಮಾನದ ಪಾವೊಲೊ ಆತ್ತಿ ಬೇಕರಿ ಇಲ್ಲಿವೆ. ಇತ್ತೀಚಿನ ವರ್ಷಗಳಲ್ಲಿ ಪ್ರವಾಸಿಗರ ಸಂಖ್ಯೆ ಹೆಚ್ಚಿದಂತೆ, ತರಕಾರಿ-ಮೀನು ಮಾರುತ್ತಿದ್ದ ಮಳಿಗೆಗಳ ಜಾಗದಲ್ಲಿ ಮಾಂಸ-ಚೀಸಿನ ತಟ್ಟೆ ಬಡಿಸುವ ಮೇಜುಗಳು ಬಂದಿವೆ. ನಿತ್ಯದ ಖರೀದಿಯ ಮಾರುಕಟ್ಟೆಯನ್ನು ನೋಡಬಯಸುವವರಿಗೆ ಊಗೊ ಬಾಸ್ಸಿ ಬೀದಿಯಲ್ಲಿ 1910ರಲ್ಲಿ ತೆರೆದ ಮೆರ್ಕಾತೊ ದೆಲ್ಲೆ ಎರ್ಬೆ ಹೆಚ್ಚು ಸೂಕ್ತ.

ಕ್ವಾದ್ರಿಲಾತೆರೊದ ಓಣಿಯೊಂದರಲ್ಲಿರುವ ಒಸ್ತೆರಿಯಾ ದೆಲ್ ಸೋಲೆ 1465ರಿಂದ ಇದೆಯೆಂದು ಪ್ರತೀತಿ. ಇಲ್ಲಿ ಪಾನೀಯ ಮಾತ್ರ ಮಾರುತ್ತಾರೆ. ಗಿರಾಕಿಗಳು ಅಕ್ಕಪಕ್ಕದ ಅಂಗಡಿಗಳಿಂದ ರೊಟ್ಟಿ, ಮೊರ್ತಾದೆಲ್ಲಾ ಕೊಂಡು ತಂದು ಉದ್ದನೆಯ ಮೇಜುಗಳಲ್ಲಿ ಕುಳಿತು ತಿನ್ನುತ್ತಾರೆ. ಕುಳಿತು ಊಟ ಮಾಡಲು 1955ರಲ್ಲಿ ಆರಂಭವಾದ ದಾ ಚೇಸರಿ, ಕೈಯಿಂದ ಲಟ್ಟಿಸಿದ ಪಾಸ್ತಾಕ್ಕೆ ಹೆಸರಾದ ತ್ರಾತ್ತೊರಿಯಾ ಆನ್ನಾ ಮರಿಯಾ ಮುಂತಾದವಿವೆ. ಸಾಂಪ್ರದಾಯಿಕ ಊಟದ ಮನೆಗಳು ಸಾಮಾನ್ಯವಾಗಿ ಮಧ್ಯಾಹ್ನ ಮತ್ತು ರಾತ್ರಿ ನಿಗದಿತ ಹೊತ್ತಿನಲ್ಲಿ ಮಾತ್ರ ತೆರೆದಿರುತ್ತವೆ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂಬ ತಲಾ ಶುಲ್ಕ ಸೇರಿರುವುದು ವಾಡಿಕೆ.

ಸಸ್ಯಾಹಾರ

ಈ ಅಡುಗೆಯಲ್ಲಿ ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಮೊಟ್ಟೆ ತಿನ್ನುವವರಿಗೆ ರಿಕೊತ್ತಾ ಚೀಸ್ ಹೂರಣದ, ಬೆಣ್ಣೆ ಮತ್ತು ಸೇಜ್ ಎಲೆಯೊಡನೆ ಬಡಿಸುವ ತೊರ್ತೆಲ್ಲೋನಿ ಒಂದು ದಾರಿ. ಆದರೆ ಪಾರ್ಮಿಜಾನೊ ಚೀಸಿನಲ್ಲಿ ಕರುವಿನ ಜಠರದಿಂದ ತೆಗೆದ ಕಿಣ್ವವನ್ನು ಬಳಸುತ್ತಾರೆ. ಈರುಳ್ಳಿ-ಟೊಮೇಟೊಗಳ ಫ್ರಿಜ್ಜೋನೆ ನೋಟಕ್ಕೆ ಸಸ್ಯಾಹಾರವಾದರೂ, ಹಳೆಯ ಕ್ರಮದಲ್ಲಿ ಹಂದಿಯ ಕೊಬ್ಬಿನಲ್ಲಿ ಬೇಯುತ್ತದೆ. ಬಡಿಸುವವರನ್ನು ಕೇಳುವುದು ಒಳಿತು.

ವಿವಾದ

2019ರಲ್ಲಿ ನಗರದ ಪೋಷಕ ಸಂತ ಪೆತ್ರೋನಿಯೊನ ಹಬ್ಬಕ್ಕೆ (ಅಕ್ಟೋಬರ್ 4) ಹಂದಿಮಾಂಸ ತಿನ್ನದವರಿಗಾಗಿ ಕೋಳಿಮಾಂಸದ ತೊರ್ತೆಲ್ಲೀನಿಯನ್ನೂ ಸಿದ್ಧಪಡಿಸುವ ಯೋಜನೆ ರಾಷ್ಟ್ರಮಟ್ಟದ ಚರ್ಚೆಯಾಯಿತು. ಆರ್ಚ್‌ಬಿಷಪ್ ಮತ್ತೇಯೊ ಝುಪ್ಪಿ ಅದರ ಪರವಾಗಿದ್ದರು. ರಾಜಕಾರಣಿ ಮತ್ತೇಯೊ ಸಾಲ್ವೀನಿ ಅದನ್ನು ಸಂಪ್ರದಾಯವನ್ನು ಅಳಿಸುವ ಯತ್ನವೆಂದು ಟೀಕಿಸಿದರು. ಹಂದಿಮಾಂಸದ ತೊರ್ತೆಲ್ಲೀನಿಯನ್ನು ಕೈಬಿಡುವ ಪ್ರಸ್ತಾಪ ಇರಲಿಲ್ಲ. ಕೋಳಿಯದು ಅದರ ಜೊತೆಗೆ ಇಡುವಂಥದ್ದಾಗಿತ್ತು. ಹೂರಣದಲ್ಲಿ ಕೋಳಿ ಈ ಪ್ರದೇಶಕ್ಕೆ ಅಪರಿಚಿತವೂ ಅಲ್ಲ. ಪೆಲ್ಲೆಗ್ರೀನೊ ಆರ್ತೂಸಿ 1891ರಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿ, ನೆರೆಯ ರೊಮಾನ್ಯಾದ ಕಾಪ್ಪೆಲ್ಲೆತ್ತಿ ಎಂಬ ಕಡುಬಿನ ಹೂರಣಕ್ಕೆ ಬೀಜ ಒಡೆದ ಹುಂಜದ ಎದೆಮಾಂಸವನ್ನು ಹೇಳಲಾಗಿದೆ.