ಸಾಕ್ಷ್ಯವೂ ಸರಕೂ: ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಬೆಳಕಿನಲ್ಲಿ ಅಂತರ್ಜಾಲದ ಸ್ವತಂತ್ರ ವೃತ್ತಿಗಾರರು

ಅಂತರ್ಜಾಲದ ಮಧ್ಯಸ್ಥ ವೇದಿಕೆಗಳಲ್ಲಿ ತನ್ನ ವಿದ್ಯೆಯನ್ನು ವಿಕ್ರಯಕ್ಕಿಟ್ಟ ಸ್ವತಂತ್ರ ವೃತ್ತಿಗಾರನು, ತನ್ನಂತೆಯೇ ಕಾದು ಕುಳಿತ ಸಹಸ್ರಾರು ಜನರ ನಡುವೆ ಗ್ರಾಹಕನ ದೃಷ್ಟಿಗೆ ಬೀಳುವುದು ಹೇಗೆಂಬ ಪ್ರಶ್ನೆಯನ್ನು ಬಹುಮಂದಿ ಆತ್ಮಪ್ರಚಾರದ ಪ್ರಶ್ನೆಯೆಂದೇ ಭಾವಿಸಿ, ಭಾವಚಿತ್ರ ಹೀಗಿರಲಿ, ಶೀರ್ಷಿಕೆ ಹಾಗಿರಲಿ, ಅರ್ಜಿಗಳನ್ನು ಬಿಡದೆ ಕಳುಹಿಸುತ್ತಿರಲಿ ಎಂದು ಉಪದೇಶಿಸುತ್ತ ಬಂದಿದ್ದಾರೆ. ಈ ಉಪದೇಶಗಳಲ್ಲಿ ಸುಳ್ಳಿಲ್ಲ, ಸತ್ತ್ವವೂ ಹೆಚ್ಚಿಲ್ಲ. ಅಪರಿಚಿತರು ಅಪರಿಚಿತರೊಡನೆ ವ್ಯವಹರಿಸುವ ಯಾವ ಪೇಟೆಯಲ್ಲಾದರೂ ಕೊಳ್ಳುವವನ ಕಣ್ಣು ಮೊದಲು ಅರಸುವುದು ಸರಕಿನ ಗುಣಕ್ಕೆ ಸಾಕ್ಷಿ ಯಾವುದು ಎಂಬುದನ್ನೇ ಎಂದೂ, ಆ ಸಾಕ್ಷ್ಯವನ್ನು ಒದಗಿಸುವ ಭಾರದಲ್ಲಿ ಮಾರುವವನಿಗೆಷ್ಟು, ಪೇಟೆಯ ಕಟ್ಟಳೆಗಳಿಗೆಷ್ಟು ಎಂಬುದೇ ಇಲ್ಲಿ ವಿಚಾರಾರ್ಹವೆಂದೂ ಪ್ರಸ್ತುತ ಲೇಖಕನ ಅಭಿಪ್ರಾಯ. ಈ ಅಭಿಪ್ರಾಯವನ್ನು ಒರೆಗೆ ಹಚ್ಚಿ ನೋಡುವುದಕ್ಕೆ, 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಯೇ, ಗಣಕಯಂತ್ರವನ್ನು ಇತ್ತೀಚೆಗೆ ಒಳಗೊಂಡ ಹಳೆಯ ಪೇಟೆಯೊಂದು ಇದೆ. ಅದು ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ.

ರೇಷ್ಮೆಗೂಡು ಕಾಯುವ ಸರಕಲ್ಲ. ಹುಳು ಚಂದ್ರಿಕೆಯೆಂಬ ತಟ್ಟೆಯ ಮೇಲೆ ಗೂಡು ಕಟ್ಟಿದ ಕೆಲವೇ ದಿನಗಳಲ್ಲಿ ಅದನ್ನು ಬಿಡಿಸಿ ಮಾರದಿದ್ದರೆ, ಒಳಗಿನ ಕೋಶವು ಪತಂಗವಾಗಿ ಗೂಡನ್ನು ಭೇದಿಸಿ ಹೊರಬಂದು, ಅವಿಚ್ಛಿನ್ನವಾಗಿ ಬಿಚ್ಚಬೇಕಾದ ಎಳೆಯನ್ನು ಹಾಳುಗೆಡವುತ್ತದೆ. ಆದಕಾರಣ ಬೆಳೆಗಾರನಿಗೆ ಅವಸರ. ಗೂಡು ಕೊಂಡು ನೂಲು ಬಿಚ್ಚುವ ರೀಲರಿಗೆ ಆ ಅವಸರ ಗೊತ್ತು. ಹೀಗೆ ಒಂದು ಪಕ್ಷ ದುರ್ಬಲವಾದ ವ್ಯವಹಾರವು ಹಳ್ಳಿಯ ಜಗುಲಿಯ ಮೇಲೆ ನಡೆದರೆ ಫಲವೇನೆಂಬುದು ಊಹಿಸಲು ಕಷ್ಟವಲ್ಲ. ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ವ್ಯವಹಾರವನ್ನು ನಿಯಂತ್ರಿಸುವ 1959ರ ಅಧಿನಿಯಮವು ಗೂಡಿನ ಕ್ರಯವಿಕ್ರಯವನ್ನು ಸರ್ಕಾರದ ಮಾರುಕಟ್ಟೆಗೆ ತಂದು, ಕೊಳ್ಳುವವನಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿದುದರ ಹಿಂದೆ ಈ ವಿವೇಕ ಅಡಗಿದೆ. ಮಾರುಕಟ್ಟೆಯೊಳಕ್ಕೆ ಬಂದ ಗೂಡಿಗೆ ಒಂದು ಲಾಟಿನ ಸಂಖ್ಯೆ ದೊರೆಯುತ್ತದೆ. ಬೆಳೆಗಾರನು ಅದನ್ನು ತೆರೆದು ಹರವುತ್ತಾನೆ. ರೀಲರು ಸಾಲುಸಾಲಾಗಿ ನಡೆದು, ರಾಶಿಯೊಳಗೆ ಕೈಯಿಳಿಸಿ ಒಂದು ಹಿಡಿ ತೆಗೆದು, ಅದುಮಿ ಗಟ್ಟಿತನವನ್ನು ಪರೀಕ್ಷಿಸಿ, ಕಲೆ ಬಿದ್ದವು, ತೆಳುವಾದವು, ಎರಡು ಹುಳು ಕೂಡಿ ಕಟ್ಟಿದ ಜೋಡಿಗೂಡುಗಳು ಎಷ್ಟಿವೆಯೆಂದು ಎಣಿಸದೆಯೇ ಅಂದಾಜು ಮಾಡುತ್ತಾರೆ. ಹಿಂದೆ ಕೂಗಿನ ಹರಾಜಿತ್ತು. ಈಗ ರೀಲರು ಕೈಯಲ್ಲಿನ ಮೊಬೈಲಿನಿಂದಲೇ ದರ ನಮೂದಿಸುವ ಇ-ಹರಾಜು ಬಂದಿದೆ. ಹರಾಜಿನಲ್ಲಿ ನಿಂತ ದರವನ್ನು ಒಪ್ಪುವ, ಒಲ್ಲೆನೆನ್ನುವ ಹಕ್ಕು ಬೆಳೆಗಾರನದೇ.

ಇಲ್ಲಿ ಗಮನಾರ್ಹವಾದುದೇನೆಂದರೆ, ದರ ಹೇಳುವ ರೀತಿ ಬದಲಾಯಿತೇ ಹೊರತು ರಾಶಿಯೊಳಗೆ ಕೈಯಿಳಿಸುವ ರೀತಿ ಬದಲಾಗಲಿಲ್ಲ. ಯಾವ ಹಳ್ಳಿಯಿಂದ, ಯಾರ ಮನೆಯಿಂದ ಬಂದ ಗೂಡೆಂಬುದು ತಿಳಿಯದಿದ್ದರೂ ರೀಲರು ದರ ಹೇಳಬಲ್ಲರು. ಏಕೆಂದರೆ ಸರಕು ತನಗೆ ತಾನೇ ಸಾಕ್ಷಿ. ಮೊದಲ ಬೆಳೆಯನ್ನು ತಂದ ತರುಣನೂ ಮೂರು ತಲೆಮಾರಿನ ಬೆಳೆಗಾರನೂ ಆ ಹಜಾರದಲ್ಲಿ ಬಹುಮಟ್ಟಿಗೆ ಸಮಾನರು. (ಬಹುಮಟ್ಟಿಗೆ ಎಂದೆನು, ಒಳ್ಳೆಯ ಗೂಡು ತರುವವನ ಮುಖವನ್ನು ರೀಲರು ಮರೆಯುವುದಿಲ್ಲವೆಂಬುದನ್ನು ಮಾರುಕಟ್ಟೆಯನ್ನು ಬಲ್ಲವರು ಯಾರೂ ಅಲ್ಲಗಳೆಯಲಾರರು.)

ಅನುವಾದ, ವಿನ್ಯಾಸ, ಲೆಕ್ಕಪತ್ರ, ತಂತ್ರಾಂಶ ಮೊದಲಾದ ಸೇವೆಗಳಿಗೆ ಈ ಸೌಭಾಗ್ಯವಿಲ್ಲ. ಮಾಡಿ ಮುಗಿಸುವವರೆಗೆ ಅವುಗಳ ಗುಣ ತಿಳಿಯದು. ಗುಣವು ಕೊಳ್ಳುವವನಿಗೆ ಅಗೋಚರವಾದ ಪೇಟೆಯಲ್ಲಿ ಒಳ್ಳೆಯ ಸರಕಿಗೂ ಕಳಪೆಯ ಬೆಲೆಯೇ ದೊರೆತು, ಕಡೆಗೆ ಒಳ್ಳೆಯದು ಪೇಟೆಯನ್ನೇ ತೊರೆದುಹೋಗುವ ಸಂಭವವುಂಟೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿಯೇ ತೋರಿಸಿದ್ದರು. 1999ರ ಈಲ್ಯಾನ್ಸ್, ಅದರ ಅನಂತರದ ಓಡೆಸ್ಕ್, ಇವೆರಡೂ ಒಂದಾಗಿ 2015ರಲ್ಲಿ ಹೊಸ ಹೆಸರು ತಳೆದ ಅಪ್‌ವರ್ಕ್, 2010ರ ಫೈವರ್ — ಈ ವೇದಿಕೆಗಳೆಲ್ಲವೂ ಈ ಅಗೋಚರತೆಗೆ ಕಂಡುಕೊಂಡ ಪರಿಹಾರವೆಂದರೆ ಹಿಂದಿನ ಗ್ರಾಹಕರ ಮೆಚ್ಚುಗೆಯನ್ನು ನಕ್ಷತ್ರಗಳ ರೂಪದಲ್ಲಿ ಮುಂದಿನ ಗ್ರಾಹಕರಿಗೆ ತೋರಿಸುವುದು. ಪರಿಹಾರವೇನೋ ಜಾಣತನದ್ದೇ, ಆದರೆ ಹಿಂದಿನ ಗ್ರಾಹಕನೇ ಇಲ್ಲದವನ ಪಾಡೇನು?

ಈ ಪ್ರಶ್ನೆಗೆ ಅರ್ಥಶಾಸ್ತ್ರಜ್ಞೆ ಅಮಾಂಡಾ ಪಲೈಸ್ ಅವರು 2014ರಲ್ಲಿ ಪ್ರಕಟಿಸಿದ ಪ್ರಯೋಗಕ್ಕಿಂತ ಸ್ಪಷ್ಟವಾದ ಉತ್ತರವನ್ನು ಈ ಲೇಖಕನು ಕಂಡಿಲ್ಲ. ಅವರು ಓಡೆಸ್ಕ್‌ನಲ್ಲಿ ದತ್ತಾಂಶ ನಮೂದಿಸುವ ಸಣ್ಣ ಕೆಲಸಕ್ಕೆ ಅರ್ಜಿ ಹಾಕಿದವರಲ್ಲಿ 952 ಮಂದಿಯನ್ನು, ಯೋಗ್ಯತೆಯನ್ನು ನೋಡದೆ ಚೀಟಿ ಎತ್ತಿದಂತೆ ಆರಿಸಿ, ಕೆಲಸ ಕೊಟ್ಟು, ಕೆಲವರಿಗೆ ಸಂಕ್ಷಿಪ್ತವಾದ, ಕೆಲವರಿಗೆ ವಿವರವಾದ ಅಭಿಪ್ರಾಯವನ್ನು ಬರೆದುಕೊಟ್ಟರು. ಅನಂತರದ ದಿನಗಳಲ್ಲಿ, ಕೆಲಸ ಸಿಗದೆ ಉಳಿದವರೊಡನೆ ಹೋಲಿಸಿದಾಗ, ಪೂರ್ವಾನುಭವವಿಲ್ಲದವರ ಉದ್ಯೋಗಾವಕಾಶವೂ ಗಳಿಕೆಯೂ ಗಣನೀಯವಾಗಿ ಹೆಚ್ಚಿದ್ದವು. ಆ ಅಲ್ಪಕಾಲದಲ್ಲಿ ಅವರ ವಿದ್ಯೆಯೇನೂ ಬೆಳೆದಿರಲಾರದು, ಬೆಳೆದುದು ಸಾಕ್ಷ್ಯ. ಸ್ಟಾಂಟನ್ ಮತ್ತು ಥಾಮಸ್ ಅವರ 2016ರ ಅಧ್ಯಯನವೂ ಇದಕ್ಕೆ ಪೋಷಕವಾಗಿದೆ: ಅದೇ ವೇದಿಕೆಯಲ್ಲಿ ಸಣ್ಣ ತಂಡವೊಂದರ ಹೆಸರಿನಡಿ ಸೇರಿಕೊಂಡ ಹೊಸಬರಿಗೆ, ಒಂಟಿಯಾಗಿ ನಿಂತವರಿಗಿಂತ ಮೊದಲ ಕೆಲಸ ಸುಲಭವಾಗಿ ದೊರೆಯುತ್ತಿತ್ತು, ತಂಡದ ಸಂಚಿತ ಕೀರ್ತಿಯೇ ಹೊಸಬನಿಗೆ ಜಾಮೀನು.

ಆದುದರಿಂದ ಇದೇ ಜಿಲ್ಲೆಯ ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಪದವಿ ಮುಗಿಸಿ, ಬೆಂಗಳೂರಿನ ಬಸ್ಸು ಹತ್ತದೆ ಮನೆಯಿಂದಲೇ ಈ ವೃತ್ತಿಗಿಳಿಯುವ ತರುಣ ತರುಣಿಯರು ಮೊದಲ ಸಾಕ್ಷ್ಯವನ್ನು ವೇದಿಕೆಯ ಹೊರಗೆ ಅರಸುವುದು ಲೇಸು. ಊರಿನ ಬೀಜದಂಗಡಿಯ ದಾಸ್ತಾನು ಲೆಕ್ಕ, ಹಾಲಿನ ಸಂಘದ ವಾರ್ಷಿಕ ವರದಿ, ದ್ರಾಕ್ಷಿ ಬೆಳೆಗಾರನ ಸರಕುಪಟ್ಟಿ, ಇಂಥ ಒಂದು ನಿಜವಾದ ಕೆಲಸವನ್ನು ಮಾಡಿಕೊಟ್ಟು, ಒಡೆಯನ ಒಪ್ಪಿಗೆ ಪಡೆದು ಅದನ್ನು ಮಾದರಿಯಾಗಿ ತೆರೆದಿಡುವುದೆಂದರೆ ರಾಶಿಯನ್ನು ಹರವಿದಂತೆ; ಗ್ರಾಹಕನು ಅದರಲ್ಲಿ ಕೈಯಿಳಿಸಿ ನೋಡಬಹುದು. ನಕ್ಷತ್ರಗಳಿಗಿಂತ ಇದು ಹೆಚ್ಚು ಬಾಳುವ ಸಾಕ್ಷ್ಯವೆಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ಗ್ರಾಹಕರು ದಾಕ್ಷಿಣ್ಯಕ್ಕೋ ಜಗಳದ ಅಂಜಿಕೆಗೋ ಎಲ್ಲರಿಗೂ ಐದು ನಕ್ಷತ್ರ ಕೊಡುತ್ತ ಹೋಗುವುದರಿಂದ ಕಾಲಕ್ರಮದಲ್ಲಿ ಅವುಗಳ ಬೆಲೆಯೇ ಇಳಿಯುತ್ತದೆಂದು ಫಿಲಿಪಾಸ್, ಹಾರ್ಟನ್ ಮತ್ತು ಗೋಲ್ಡನ್ ಎಂಬ ಸಂಶೋಧಕರು ನಿರೂಪಿಸಿದ್ದಾರೆ. ಎಲ್ಲರೂ ಉತ್ತಮರೇ ಆದ ಮೇಲೆ ಆರಿಸುವುದು ಯಾರನ್ನು?

ಎರಡನೆಯದು ಸ್ಥಾನದ ಮಾತು. ವೇದಿಕೆಯಲ್ಲಿ ಗ್ರಾಹಕನು ಹುಡುಕು ಪದವೊಂದನ್ನು ಬರೆದಾಗ ಬರುವ ಪಟ್ಟಿಯ ಮೊದಲ ಪುಟದಲ್ಲಿ ಇಲ್ಲದವನು ಇದ್ದೂ ಇಲ್ಲದವನೇ ಸರಿ. 'ಎಲ್ಲ ಬಗೆಯ ಅನುವಾದ, ಎಲ್ಲ ಬಗೆಯ ಬರವಣಿಗೆ' ಎಂದು ಬರೆದುಕೊಂಡವನು ಜಗತ್ತಿನ ಸಮಸ್ತ ಅನುವಾದಕರೊಡನೆ ಸ್ಪರ್ಧಿಸಬೇಕಾಗುತ್ತದೆ. ಈ ತಾಲ್ಲೂಕುಗಳಿಗೆ ಸಹಜವಾಗಿ ಒಲಿದ ಒಂದು ಸಂಪತ್ತನ್ನು ಇಲ್ಲಿನವರೇ ಲೆಕ್ಕಕ್ಕೆ ಹಿಡಿಯದಿರುವುದು ಆಶ್ಚರ್ಯ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ — ಚಿಂತಾಮಣಿ, ಗೌರಿಬಿದನೂರು ಸೀಮೆಯ ಅಸಂಖ್ಯ ಕುಟುಂಬಗಳ ನಿತ್ಯಸ್ಥಿತಿ ಇದು. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು ಎರಡೂ ಭಾಷೆಗಳಲ್ಲಿ ರಚನೆ ಮಾಡಿದುದು ಈ ನೆಲದ ಗುಣಕ್ಕೆ ಅನುಗುಣವಾಗಿಯೇ ಇದೆ. ಇಂಗ್ಲಿಷಿನ ಮಧ್ಯಸ್ಥಿಕೆಯಿಲ್ಲದೆ ಕನ್ನಡದಿಂದ ತೆಲುಗಿಗೆ ನೇರವಾಗಿ ಕೃಷಿ ಕೈಪಿಡಿಯನ್ನು ಅನುವಾದಿಸಬಲ್ಲೆ, ಎರಡರಲ್ಲಿಯೂ ಧ್ವನಿಮುದ್ರಣ ಮಾಡಿಕೊಡಬಲ್ಲೆ, ಧ್ವನಿಯನ್ನು ಲಿಪಿಗಿಳಿಸಬಲ್ಲೆ ಎಂದು ಸಂಕುಚಿತವಾಗಿ ಬರೆದುಕೊಂಡವನಿಗೆ ಬರುವ ಗ್ರಾಹಕರು ಕಡಮೆಯಾದಾರು. ಬಂದವರು ಮಾತ್ರ ಅವನನ್ನು ದಾಟಿ ಹೋಗಲಾರರು.

ಸೇವೆಗಳ ಪೇಟೆಯಾಗಲಿ ಕೃಷಿಯ ಪೇಟೆಯಾಗಲಿ, ಯಂತ್ರವೊಂದೇ ಅದನ್ನು ನ್ಯಾಯಯುತವಾಗಿಸೀತೆಂಬ ಭ್ರಮೆಯೂ ಬೇಡ. 2014ರಲ್ಲಿ ಕರ್ನಾಟಕವು ಕೃಷಿ ಮಾರುಕಟ್ಟೆಗಳನ್ನು ಗಣಕಜಾಲದಿಂದ ಜೋಡಿಸಲು ಆರಂಭಿಸಿದ ಏಕೀಕೃತ ವೇದಿಕೆಯನ್ನು ಪರಿಶೀಲಿಸಿದ ವಿದ್ವಾಂಸರು, ಭತ್ತ, ಕಡಲೆಕಾಯಿ, ಮೆಕ್ಕೆಜೋಳಗಳ ದರ ಸ್ವಲ್ಪಮಟ್ಟಿಗೆ ಏರಿತೆಂದೂ, ಬೇರೆ ಕೆಲವು ಸರಕುಗಳಲ್ಲಿ ಅಂಥ ಫಲ ಕಾಣಲಿಲ್ಲವೆಂದೂ ಕಂಡುಕೊಂಡರು. ಜಾಲವೊಂದೇ ಸಾಲದು; ದೂರದ ವರ್ತಕನು ತಾನು ಮುಟ್ಟದ ಚೀಲಕ್ಕೆ ದರ ಹೇಳಬೇಕಾದರೆ ಗುಣಪರೀಕ್ಷೆಯ ವ್ಯವಸ್ಥೆ ಸ್ಥಳದಲ್ಲಿಯೇ ಇರತಕ್ಕದ್ದು.

ಇನ್ನು ವೆಚ್ಚದ ವಿಚಾರ. ಗೂಡಿನ ಮಾರುಕಟ್ಟೆಯಲ್ಲಿ ಶುಲ್ಕವು ವಿಕ್ರಯವನ್ನು ಅನುಸರಿಸಿ ಬರುತ್ತದೆ. ಅಪ್‌ವರ್ಕ್‌ನಲ್ಲಿ ಹಾಗಲ್ಲ, ಕೆಲಸಕ್ಕೆ ಅರ್ಜಿ ಹಾಕುವುದಕ್ಕೇ 'ಕನೆಕ್ಟ್ಸ್' ಎಂಬ ಟೋಕನ್ನುಗಳನ್ನು ವ್ಯಯಿಸಬೇಕು, ಅರ್ಜಿಯನ್ನು ಪಟ್ಟಿಯ ಮೇಲ್ಭಾಗಕ್ಕೆ ಏರಿಸುವುದಕ್ಕೆ ಇನ್ನಷ್ಟನ್ನು ಪಣಕ್ಕಿಡಬೇಕು. ಕೆಲಸ ದೊರೆತ ಮೇಲೆ ಗಳಿಕೆಯಲ್ಲಿ ಪಾಲು ಬೇರೆ. ಫೈವರ್ ಹಿಡಿಯುವ ಪಾಲು ಶೇ. 20. ಅಂದರೆ ಇಲ್ಲಿ ದೃಷ್ಟಿಗೆ ಬೀಳುವುದೇ ಒಂದು ಸರಕು, ಅದರ ಮಾರಾಟಗಾರನು ವೇದಿಕೆಯ ಒಡೆಯ. ಕಂಡಕಂಡ ಕೆಲಸಕ್ಕೆಲ್ಲ ಅರ್ಜಿ ಹಾಕೆಂಬ ಉಪದೇಶದಿಂದ ನಿಶ್ಚಿತವಾಗಿ ಲಾಭ ಪಡೆಯುವವನು ಅವನೇ. ಟೋಕನ್ನುಗಳನ್ನು, ತನ್ನ ಮಾದರಿ ಕೆಲಸವನ್ನು ನೇರವಾಗಿ ಹೋಲುವ, ಹಿಂದೆ ಇತರರಿಗೆ ಹಣ ಪಾವತಿ ಮಾಡಿದ ದಾಖಲೆಯುಳ್ಳ ಗ್ರಾಹಕನ ಕೆಲಸಕ್ಕೆ ಮಾತ್ರ ಮೀಸಲಿಟ್ಟು, ಅರ್ಜಿಯ ಮೊದಲ ಎರಡು ಸಾಲುಗಳಲ್ಲಿಯೇ ಆ ಮಾದರಿಯನ್ನು ತೋರಿಸುವುದು ಉಚಿತ. ಗ್ರಾಹಕನಿಗೆ ಪಟ್ಟಿಯಲ್ಲಿ ಮೊದಲು ಕಾಣುವುದು ಆ ಸಾಲುಗಳೇ. ಅವನು ಹೇಳುವ ದರ ತೀರ ಕೆಳಗಿದ್ದರೆ ಒಲ್ಲೆನೆಂದು ಲಾಟನ್ನು ಹಿಂತೆಗೆಯುವ ಅಧಿಕಾರ ಇಲ್ಲಿಯೂ ಮಾರುವವನಿಗೆ ಇದ್ದೇ ಇದೆ, ಮತ್ತು ಗೂಡಿನ ಬೆಳೆಗಾರನನ್ನು ಕಾಡುವ ಪತಂಗದ ಭಯ ಅವನಿಗಿಲ್ಲ.